ಸೆಂಟು ಹಾಕದವಳ ಇಂಟರ್‌ವ್ಯೂ

ಮಾಕ್ ಇಂಟರ್‌ವ್ಯೂನಲ್ಲಿ ನನ್ನನ್ನು ಫೇಲು ಮಾಡಿದ್ದು ಉತ್ತರ ತಪ್ಪಿತು ಅಂತಲ್ಲ, ಇಂಗ್ಲಿಷು ತೊದಲಿತು ಅಂತಲೂ ಅಲ್ಲ. ಮೈಯಿಂದ ವಾಸನೆ ಬರುತ್ತದೆ ಅಂತ. ಈಗ ಇದನ್ನು ಹೇಳಿದರೆ ಕೇಳಿದವರಲ್ಲಿ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ‘ಅಯ್ಯೋ ಪಾಪ’ ಅನ್ನುತ್ತಾರೆ. ನನಗೆ ಎರಡೂ ಬೇಡ. ಅವತ್ತು ನಾನು ಅಳಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು, ಅಷ್ಟೇ.

ಕೋಲಾರದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೆ. ಮಾಲೂರು ಕಡೆಯ ಒಂದು ಕಾರ್ಖಾನೆಯವರು ತಮ್ಮ ಅಕೌಂಟ್ಸ್ ವಿಭಾಗಕ್ಕೆ ಜನ ಆರಿಸಿಕೊಳ್ಳಲು ನಮ್ಮ ಕಾಲೇಜಿಗೇ ಬರುತ್ತಾರೆಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಆ ಕೆಲಸ ನನಗೆ ಬೇಕಿತ್ತು. ಬೇಕು ಅಂದರೆ ಬೇಕೇ ಬೇಕು. ಕಂಪನಿಯ ಬಸ್ಸು ಕೋಲಾರದವರೆಗೂ ಬರುತ್ತದೆ, ಯಲ್ದೂರಿನ ಪಕ್ಕದ ನಮ್ಮ ಊರಿನಿಂದ ದಿನಾ ಹೋಗಿಬರಬಹುದು. ನನಗಿಂತ ಮುಂಚೆ ಪಾಸಾದ ಅಕ್ಕಂದಿರಲ್ಲಿ ಕಾಲೇಜಿನಲ್ಲೇ ಕೆಲಸ ಹಿಡಿದವರು ಕೆಲಸಕ್ಕೆ ಹೋಗುತ್ತಿದ್ದರು. ಹಿಡಿಯದೆ ‘ನೋಡೋಣ’ ಅಂದುಕೊಂಡು ಮನೆಯಲ್ಲಿ ಕೂತವರು ಇನ್ನೂ ನೋಡುತ್ತಲೇ ಇದ್ದರು. ಆ ‘ನೋಡೋಣ’ ಅನ್ನುವ ಮಾತು ಕೇಳಿದರೇ ನನಗೆ ಆಗುತ್ತಿರಲಿಲ್ಲ.

ಆದರೆ ಕಾಲೇಜಿನಲ್ಲಿ ಒಂದು ನಿಯಮ ಇಟ್ಟಿದ್ದರು. ಕಂಪನಿಯವರ ಮುಂದೆ ಕೂರಬೇಕಾದರೆ ಮೊದಲು ಟ್ರೈನರ್ ಸಾರ್ ಮುಂದೆ ಕೂತು, ಅವರು ನಡೆಸುವ ಮಾಕ್ ಇಂಟರ್‌ವ್ಯೂನಲ್ಲಿ ಪಾಸಾಗಬೇಕು. ಈ ಸಾರ್ ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಅವರು ಕಾರಿನಿಂದ ಇಳಿಯುವ ಮೊದಲೇ ಅವರ ಸೆಂಟು ಇಳಿಯುತ್ತಿತ್ತು. ಕೆಟ್ಟ ಮನುಷ್ಯ ಅಂತ ಹೇಳುವುದಿಲ್ಲ. ಕೈ ಹೇಗೆ ಕುಲುಕಬೇಕು, ಫೈಲು ಯಾವ ಕೈಯಲ್ಲಿ ಹಿಡಿಯಬೇಕು, ಕೂರುವ ಮುಂಚೆ ಹೇಗೆ ಕೇಳಬೇಕು ಎಂದು ಪಾಪ, ಗಂಟಲು ಹರಿದುಕೊಂಡು ಹೇಳುತ್ತಿದ್ದರು. ತೊಂದರೆ ಏನೆಂದರೆ ಇಡೀ ಕ್ಲಾಸಿಗೆ ಒಂದೇ ಉತ್ತರ ಬಾಯಿಪಾಠ ಮಾಡಿಸಿಬಿಟ್ಟಿದ್ದರು. ನನ್ನ ಬಲ ಕಷ್ಟಪಟ್ಟು ದುಡಿಯುವುದು, ನನ್ನ ದೌರ್ಬಲ್ಯ ಎಲ್ಲವೂ ಅಚ್ಚುಕಟ್ಟಾಗಿರಬೇಕೆನ್ನುವುದು, ನನ್ನ ಹವ್ಯಾಸ ಕಾದಂಬರಿ ಓದುವುದು. ಮುಳಬಾಗಿಲಿನಿಂದ ಬರುವ ಹುಡುಗನೂ ಕಾದಂಬರಿ ಓದುವವನೇ, ಶ್ರೀನಿವಾಸಪುರದ ಮಾವಿನ ಮಂಡಿಯವರ ಮಗಳೂ ಕಾದಂಬರಿ ಓದುವವಳೇ. ಒಬ್ಬರ ಬ್ಯಾಗಿನಲ್ಲಾದರೂ ಒಂದು ಕಾದಂಬರಿ ಇದ್ದಿದ್ದರೆ ಕೇಳಿ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳಕ್ಕೆ ಅಂತಲೇ ಬೇರೆ ಮನೆ ಕಟ್ಟಿಸಿಕೊಂಡವರು ನಮ್ಮೂರಲ್ಲಿ ಇದ್ದಾರೆ. ನಮ್ಮದು ಹಾಗಲ್ಲ, ಇರುವ ನಡುಮನೆಯೇ ಹುಳುಮನೆ. ಮರಿ ತಂದಾಗ ಒಂದು ಮೂಲೆಯ ತಟ್ಟೆಗಳಲ್ಲಿ ಇರುತ್ತವೆ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದೊಂದು ಜ್ವರ ಎದ್ದಾಗಲೂ ಅವಕ್ಕೆ ಜಾಗ ಸಾಲದೆ, ನಾಲ್ಕನೆಯದು ಎದ್ದ ಮೇಲೆ ಇಡೀ ಮನೆ ಅವುಗಳದ್ದು, ನಾವೆಲ್ಲ ಜಗಲಿಗೆ. ಆ ದಿನಗಳಲ್ಲಿ ಊದುಬತ್ತಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ಪೌಡರ್ ಇಲ್ಲ, ಘಮ್ಮೆನ್ನುವ ಎಣ್ಣೆ ಇಲ್ಲ. ಯಾವ ಘಾಟು ತಗುಲಿದರೂ ಹುಳ ಸೊಪ್ಪು ಬಿಟ್ಟು ಮುದುಡಿಕೊಳ್ಳುತ್ತವೆ. ಬೀಡಿ ಸೇದುವ ನೆಂಟರು ಬಂದರೆ ಅಂಗಳದಲ್ಲೇ ಕೂರಿಸಿ ಮಾತಾಡಿಸಿ ಕಳಿಸುವುದು. ದೇವರಿಗೂ ಅಮ್ಮ ಬರೀ ದೀಪ ಹಚ್ಚಿ ಸುಮ್ಮನಾಗುತ್ತಿದ್ದಳು. ಹಾಗಾಗಿ ನನ್ನ ಮೈಗೆ, ಬಟ್ಟೆಗೆ, ಜಡೆಗೆ ಹಸಿ ಸೊಪ್ಪಿನ, ಹಿಕ್ಕೆಯ, ಕೈಕಾಲು ತೊಳೆಯುವ ಬ್ಲೀಚಿಂಗ್ ಪೌಡರಿನ ವಾಸನೆ ಅಂಟಿರುತ್ತಿತ್ತು. ಎರಡು ಸಲ ಸ್ನಾನ ಮಾಡಿದರೂ ಅದು ಹೋಗುವುದಲ್ಲ.

ನನ್ನ ಸರದಿ ಬಂದಾಗ ಫೈಲು ಸರಿಯಾದ ಕೈಯಲ್ಲೇ ಹಿಡಿದು ಒಳಗೆ ಹೋದೆ. ಮಿಕ್ಕವರೆಲ್ಲ ಹಿಂದಿನ ಬೆಂಚುಗಳಲ್ಲಿ ಕೂತು ನೋಡುತ್ತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಸಾರ್ ಮೂಗು ಸಿಂಡರಿಸಿದರು.

“ಒಂದ್ ನಿಮಿಷ. ಏನಮ್ಮಾ ಇದು ಸ್ಮೆಲ್ಲು? ಸ್ನಾನ ಮಾಡ್ಕೊಂಡ್ ಬರಲ್ವಾ ನೀವು?”

“ದಿನಾ ಮಾಡ್ತೀನಿ ಸಾರ್. ಮನೇಲಿ ರೇಷ್ಮೆ ಹುಳ ಇದಾವೆ.”

“ಅದೆಲ್ಲ ಕಂಪನಿಯವರಿಗೆ ಬೇಕಾ? ಫಸ್ಟ್ ಇಂಪ್ರೆಷನ್ ಅಮ್ಮಾ. ಬಾಗಿಲಲ್ಲೇ ಬಿದ್ದೋಗ್ತೀರ. ಒಂದು ಬಾಡಿ ಸ್ಪ್ರೇ ತಗೊಂಡು ಹಾಕ್ಕೊಳ್ಳಿ.”

“ಹಾಕ್ಕೊಂಡ್ರೆ ನಮ್ಮಮ್ಮ ಮನೆಯೊಳಗೆ ಬಿಡಲ್ಲ ಸಾರ್.”

“ಹಾಕ್ಕೊಳ್ದಿದ್ರೆ ಇಂಟರ್‌ವ್ಯೂ ಒಳಗೆ ನಾನು ಬಿಡಲ್ಲ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಾರ್ ಒಂದೇ ಒಂದು ಪ್ರಶ್ನೆ ಕೇಳದೆ, ಗ್ರೂಮಿಂಗಿಗೆ ಸೊನ್ನೆ, ಮುಂದಿನ ವಾರ ಬನ್ನಿ, ನೆಕ್ಸ್ಟ್ ಅಂದುಬಿಟ್ಟರು. ಬಾಯಿಪಾಠ ಮಾಡಿದ್ದೆಲ್ಲ ಗಂಟಲಲ್ಲೇ ಉಳಿಯಿತು. ನಕ್ಕವರ ಪೈಕಿ ಕೆಲವರ ಮನೆಯಲ್ಲೂ ಹುಳ ಸಾಕುತ್ತಿದ್ದರು, ನನಗೆ ಗೊತ್ತಿತ್ತು. ಅವರ ಮೇಲೆ ಬಂದ ಸಿಟ್ಟು ಸಾರ್ ಮೇಲೆ ಬಂದಿದ್ದಕ್ಕಿಂತ ಜಾಸ್ತಿ.

ಟೇಕಲ್‌ನಿಂದ ಬರುತ್ತಿದ್ದ ಒಬ್ಬ ಗೆಳತಿ ಮಾತ್ರ ನನ್ನ ಹಿಂದೆಯೇ ಎದ್ದು ಆಚೆ ಬಂದಳು. ಬ್ಯಾಗಿನಿಂದ ತನ್ನ ಸ್ಪ್ರೇ ಬಾಟಲಿ ತೆಗೆದು ನನ್ನ ಕೈಗೆ ತುರುಕಿದಳು.

“ಲೇ, ಇದನ್ನ ಇಟ್ಕೊ. ಬಸ್ ಇಳಿದ್ಮೇಲೆ ಒಂಚೂರು ಹೊಡ್ಕೊ. ಸಾಯಂಕಾಲ ಮನೆಗೆ ಹೋಗೋ ಹೊತ್ತಿಗೆ ಎಲ್ಲಾ ಹಾರೋಗಿರುತ್ತೆ ಕಣೇ.”

“ನಿನಗೆ ಹಾರೋಗಿರುತ್ತೆ. ಹುಳಕ್ಕೆ ಗೊತ್ತಾಗುತ್ತೆ.”

“ಹುಳ ದೊಡ್ಡದೋ ಕೆಲ್ಸ ದೊಡ್ಡದೋ ಹೇಳು ಮತ್ತೆ.”

ನಾನು ಬಾಟಲಿಯನ್ನು ಅವಳ ಬ್ಯಾಗಿಗೇ ವಾಪಸ್ಸು ಹಾಕಿದೆ. ಎರಡೂ ದೊಡ್ಡದೇ, ನನಗೆ ಎರಡೂ ಬೇಕು ಅಂದೆ. ಅವಳು ತಲೆ ತಲೆ ಚಚ್ಚಿಕೊಂಡಳು.

ಮನೆಗೆ ಬಂದು ಹೇಳಿದರೆ ಅಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ನಿಜವಾದ ಇಂಟರ್‌ವ್ಯೂಗೆ ಮುಂಚೆ ಇನ್ನೊಂದು ಇಂಟರ್‌ವ್ಯೂ ಯಾಕೆ ಎಂದು ಕೇಳಿದಳು. ಅದು ಸುಳ್ಳು ಇಂಟರ್‌ವ್ಯೂ ಅಂತ ವಿವರಿಸಿದೆ. “ಅಯ್ಯೋ ನಿನ್ನ, ಸುಳ್ಳು ಇಂಟರ್‌ವ್ಯೂನಲ್ಲೇ ಫೇಲಾ?” ಎಂದು ಸೊಪ್ಪಿನ ಗುಡ್ಡೆಯ ಮೇಲೆ ಕೂತು ನಕ್ಕಳು. ಯಾಕೆ ಫೇಲಾದೆ ಅಂತ ಹೇಳಿದ ಮೇಲೆ ನಗು ನಿಂತಿತು. ಎದ್ದುಹೋಗಿ ಹುಳಕ್ಕೆ ಸೊಪ್ಪು ಹಾಕತೊಡಗಿದಳು. ಅದನ್ನು ನೋಡಿ ನನಗೆ ಮತ್ತೆ ಸಿಟ್ಟು ಬಂತು. ನನ್ನಮ್ಮ ನಾಚಿಕೆ ಪಟ್ಟುಕೊಳ್ಳುವಂಥದ್ದು ಏನು ಮಾಡಿದ್ದಾಳೆ?

ಆ ವಾರವೆಲ್ಲ ನಾನು ಓದಿದ್ದು ಹುಳುಮನೆಯಲ್ಲಿ. ಸೊಪ್ಪು ಹಾಕುತ್ತಾ ಹಾಕುತ್ತಾ ಡೆಬಿಟ್ಟು ಕ್ರೆಡಿಟ್ಟು, ಜಿಎಸ್‌ಟಿ, ಸವಕಳಿ ಲೆಕ್ಕ ಎಲ್ಲವನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಹುಳ ಸರಸರ ಮೇಯುತ್ತಿದ್ದವು. ಅಪ್ಪ ತೋಟದಿಂದ ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸಿ, “ಯಾರ ಜೊತೆಗೇ ಮಾತು?” ಎಂದು ಕೇಳುತ್ತಿದ್ದ. ಅಮ್ಮನನ್ನೇ ಕಂಪನಿಯವರು ಅಂತ ಕೂರಿಸಿದೆ. ಏನು ಕೇಳಲಿ ಅಂದಳು. ನಿನ್ನ ಬಲ ಏನು, ದೌರ್ಬಲ್ಯ ಏನು ಅಂತ ಕೇಳು ಅಂದೆ.

“ಅದನ್ನ ನಿನ್ನೇನ್ ಕೇಳೋದು, ನಂಗೆ ಗೊತ್ತಿಲ್ವಾ? ನಿನ್ ದೌರ್ಬಲ್ಯ ನಿನ್ ಬಾಯಿ.”

“ಮತ್ತೆ ಬಲ?”

“ಅದೂ ಬಾಯೇ,” ಅಂದಳು.

ಮುಂದಿನ ವಾರ ಮತ್ತೆ ಸಾರ್ ಮುಂದೆ ಹೋಗಿ ನಿಂತೆ. ಬಟ್ಟೆಯನ್ನು ಎರಡು ಸಲ ಒಗೆದು ಬಿಸಿಲಲ್ಲಿ ಒಣಗಿಸಿದ್ದೆ, ತಲೆಗೆ ಸೀಗೆಪುಡಿ ಹಾಕಿ ಮಿಂದಿದ್ದೆ. ವಾಸನೆ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಸಾರ್ ಮುಖ ಕಿವುಚುವ ಮೊದಲೇ ನಾನು ಶುರು ಮಾಡಿದೆ.

“ಸಾರ್, ಗ್ರೂಮಿಂಗಿಗೆ ಸೊನ್ನೆನೇ ಹಾಕಿ, ನನಗೇನೂ ಬೇಜಾರಿಲ್ಲ. ಆದ್ರೆ ಪ್ರಶ್ನೆ ಕೇಳಿ. ಮಿಕ್ಕಿದ್ದಕ್ಕೆಲ್ಲ ಮಾರ್ಕ್ಸ್ ಹಾಕಿ. ಆಮೇಲೂ ಫೇಲಾದ್ರೆ ನಾನೇ ಎದ್ದು ಹೋಗ್ತೀನಿ.”

ಸಾರ್ ಪೆನ್ನು ಕೈಗೆತ್ತಿಕೊಂಡು ಪ್ರಶ್ನೆ ಕೇಳಿದರು. ಬೇಕಂತಲೇ ಕಷ್ಟದ್ದು ಕೇಳಿದರು. ನಾನೂ ಬಿಡಲಿಲ್ಲ. ಇಂಗ್ಲಿಷ್ ಎಲ್ಲಿ ಸಿಕ್ಕಿಹಾಕಿಕೊಂಡಿತೋ ಅಲ್ಲಿ ಕನ್ನಡದಲ್ಲಿ ದಾಟಿಸಿ ಮತ್ತೆ ಇಂಗ್ಲಿಷಿಗೆ ಬಂದೆ. ಹವ್ಯಾಸ ಏನು ಅಂದಾಗ ಕಾದಂಬರಿ ಅನ್ನಲಿಲ್ಲ, ಹವ್ಯಾಸಕ್ಕೆ ಟೈಮಿಲ್ಲ ಸಾರ್ ಅಂದೆ. ಕೊನೆಗೆ ಬೇರೆ ದಾರಿ ಇಲ್ಲದೆ ಪಾಸು ಅಂತ ಬರೆದರು. “ಬಾಯಿ ಜೋರು ನಿಮ್ದು. ಕಂಪನಿಯವ್ರ ಮುಂದೆ ಹೀಗೆಲ್ಲ ಮಾತಾಡಿದ್ರೆ ಮುಗೀತು ಕಥೆ” ಎಂದರು. ಥ್ಯಾಂಕ್ಯೂ ಸಾರ್ ಅಂದು ಬಂದೆ.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡೆ. ಎಲ್ಲಿ ಸರಿಹೋಗುತ್ತದೆ? ಕಂಪನಿಯವರು ಬರುವ ದಿನವೇ ನಮ್ಮ ಹುಳ ಹಣ್ಣಾಗಲು ನಿಂತವು. ಹಣ್ಣಾಗುವುದು ಅಂದರೆ ಹುಳ ಮೇಯುವುದು ಬಿಟ್ಟು, ಮೈ ಹಳದಿ ತಿರುಗಿ, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುವುದು. ಆಗ ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲಿಕ್ಕೆಂದು ಮಾಡಿದ ಬಿದಿರಿನ ತಟ್ಟಿಗೆ, ಬಿಡಬೇಕು. ತಡ ಮಾಡಿದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿ ಗೂಡು ಹಾಳಾಗುತ್ತದೆ. ಆ ದಿನ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಬೇರೆ ಸಲ ಆಗಿದ್ದರೆ ಅಕ್ಕಪಕ್ಕದವರು ಬರುತ್ತಿದ್ದರು, ಅವರ ಮನೆಗೆ ನಾವು ಹೋಗುತ್ತಿದ್ದೆವು. ಈ ಸಲ ಬೀದಿಯವರೆಲ್ಲ ಒಂದೇ ಕಡೆಯಿಂದ ಒಂದೇ ದಿನ ಮರಿ ತಂದಿದ್ದರಿಂದ ಎಲ್ಲರ ಮನೆಯಲ್ಲೂ ಒಂದೇ ದಿನ ಹಣ್ಣು. ಯಾರನ್ನು ಕರೆಯುವುದು?

ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಆಗಲೇ ಹುಳ ತಲೆಯೆತ್ತಿದ್ದವು. ಅಮ್ಮ ಟ್ರಂಕಿನ ತಳದಿಂದ ಒಂದು ಪೌಡರ್ ಡಬ್ಬಿ ತಂದು ಜಗಲಿಯ ಮೇಲಿಟ್ಟಳು. ಯಾವುದೋ ಮದುವೆಗೆ ಹೋಗುವಾಗ ತಂದಿದ್ದು, ಮುಚ್ಚಳ ಬಿಗಿಯಾಗಿ ಮುಚ್ಚಿ ಬಟ್ಟೆ ಸುತ್ತಿಟ್ಟಿದ್ದಳು.

“ಹಚ್ಕೊಂಡು ಹೋಗು. ಕೈಗೂ ಹಚ್ಕೊ, ಕತ್ತಿಗೂ ಹಚ್ಕೊ. ಇವತ್ತು ನೀನು ಒಳಕ್ಕೆ ಬರೋದು ಬೇಡ.”

“ಮತ್ತೆ ಹುಳ?”

“ನಾನು, ನಿಮ್ಮಪ್ಪ ಇದೀವಿ. ಹೆಂಗೋ ಆಗುತ್ತೆ. ಯಾವನ ಬಾಯಲ್ಲೂ ನೀನು ಆ ಮಾತು ಕೇಳಬಾರ್ದು ಕಣೇ.”

ಪೌಡರ್ ಹಚ್ಚಿಕೊಂಡರೆ ಅವತ್ತಿಡೀ ನಾನು ಆ ಬಾಗಿಲು ದಾಟುವ ಹಾಗಿಲ್ಲ. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ತಂದಿಟ್ಟಿದ್ದಳು. ತನ್ನ ಮಗಳಿಂದ ವಾಸನೆ ಬರಬಾರದು ಅಂತ ತಿಂಗಳೆಲ್ಲ ಸಾಕಿದ ಬೆಳೆಗೆ ಒಂದು ಕೈ ಕಡಿಮೆ ಮಾಡಿಕೊಳ್ಳಲು ಹೊರಟಿದ್ದಳು. ಅಳು ಬಂದರೆ ಕೆಟ್ಟೆ ಅಂತ ಜೋರು ಮಾಡಿದೆ. “ಅದನ್ನ ತಗೊಂಡೋಗಿ ಎಲ್ಲಿತ್ತೋ ಅಲ್ಲೇ ಇಡು. ನಾನು ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಬಂದು ಹುಳ ಎತ್ತುತೀನಿ” ಅಂದು ಹೊರಟೆ. ಹಿಂದಿನಿಂದ ಅವಳು ಬೈಯುವುದು ಊರಬಾಗಿಲಿನವರೆಗೂ ಕೇಳಿಸುತ್ತಿತ್ತು.

ಕಾಲೇಜಿನ ಸಭಾಂಗಣದಲ್ಲಿ ಟೈ ಕಟ್ಟಿದವರು, ಹೊಸ ಬೂಟಿನವರು. ಒಬ್ಬೊಬ್ಬರ ಮೇಲೂ ಒಂದೊಂದು ಸೆಂಟು. ಬೆಳಿಗ್ಗೆ ಬರವಣಿಗೆಯ ಪರೀಕ್ಷೆ ಮುಗಿಯಿತು. ಪಾಸಾದವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತಾರೆ, ಸಂಜೆ ಎಲ್ಲರ ಮುಂದೆ ಹೆಸರು ಓದುತ್ತಾರೆ ಎಂದು ಸಾರ್ ಹೇಳಿದರು. ಪಾಸಾದವರಲ್ಲಿ ನಾನೂ ಇದ್ದೆ. ಆದರೆ ಹೆಸರಿನ ಅಕ್ಷರದ ಪ್ರಕಾರ ನನ್ನ ಸರದಿ ಕಟ್ಟಕಡೆಗೆ. ಸಂಜೆಯವರೆಗೂ ಅಲ್ಲೇ ಕೂರಬೇಕಾಗುತ್ತಿತ್ತು.

ಊಟದ ಹೊತ್ತಿಗೆ ಇಂಟರ್‌ವ್ಯೂ ಕೋಣೆಯ ಬಾಗಿಲು ತೆರೆಯಿತು. ಒಳಗೆ ಕಂಪನಿಯ ಒಬ್ಬ ಮೇಡಂ, ಅವರ ಪಕ್ಕದಲ್ಲಿ ಕನ್ನಡಕದ ಒಬ್ಬ ಸಾರ್ ಕೂತಿದ್ದರು. ನಾನು ಎದ್ದೆ. ಟ್ರೈನರ್ ಸಾರ್ ಓಡಿಬಂದು ಅಡ್ಡ ನಿಂತು, “ಎಲ್ಲಿಗೆ? ತಲೆ ಕೆಟ್ಟಿದ್ಯಾ?” ಎಂದು ಪಿಸುಗುಟ್ಟಿದರು. ನಾನು ಪಕ್ಕಕ್ಕೆ ಸರಿದು ಒಳಗೆ ಹೋಗಿಯೇ ಬಿಟ್ಟೆ.

“ಕ್ಷಮಿಸಿ ಮೇಡಂ. ನನ್ನ ಸರದಿ ಕೊನೇಲಿದೆ. ದಯವಿಟ್ಟು ನನ್ನ ಈಗ್ಲೇ ಕರೀತೀರಾ? ಮನೇಲಿ ರೇಷ್ಮೆ ಹುಳ ಹಣ್ಣಾಗಿವೆ, ನಾನು ಹೋಗಲೇಬೇಕು.”

ಕನ್ನಡಕದ ಸಾರ್ ಹುಬ್ಬೇರಿಸಿದರು. “ಏನಮ್ಮಾ ಇದು? ನಾಳೆ ಕೆಲಸಕ್ಕೆ ಸೇರಿದ್ಮೇಲೂ ಹೀಗೇ ಅರ್ಧದಲ್ಲಿ ಎದ್ದು ಹೋಗ್ತೀರಾ?”

“ಇಲ್ಲ ಸಾರ್. ಕೆಲಸಕ್ಕೆ ಸೇರಿದ್ರೆ ಕೆಲಸ ಮುಗಿಯೋವರ್ಗೂ ಏಳಲ್ಲ. ಆದ್ರೆ ಇವತ್ತಿನ್ನೂ ನಾನು ನಿಮ್ಮ ಕಡೆ ಆಳಲ್ಲ. ಇವತ್ತು ನಮ್ಮಮ್ಮನ ಕಡೆ ಆಳು.”

ಹೋಯಿತು, ಇಷ್ಟು ದಿನದ ಪಾಡೆಲ್ಲ ನನ್ನ ಬಾಯಿಂದಲೇ ಹೋಯಿತು ಅನ್ನಿಸಿತು. ಮೇಡಂ ಊಟದ ಡಬ್ಬಿಯ ಮುಚ್ಚಳ ಮತ್ತೆ ಹಾಕಿ, ಕೂತ್ಕೊಳ್ಳಿ ಅಂದರು. ಆಮೇಲೆ ಇಬ್ಬರೂ ಸೇರಿ ನನ್ನನ್ನು ಚೆನ್ನಾಗಿ ಅರೆದರು. ಒಂದೆರಡು ಕಡೆ ತಪ್ಪು ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದೆ, ಗೊತ್ತಿದ್ದದ್ದನ್ನು ಬಿಡಲಿಲ್ಲ. ಮೇಜಿನಾಚೆ ಈಚೆ ಕೂತಿದ್ದೆವು, ಮೇಲೆ ಒಂದು ಫ್ಯಾನು ಗಿರಗಿರ ತಿರುಗುತ್ತಿತ್ತು. ಅವರಿಬ್ಬರಲ್ಲಿ ಒಬ್ಬರಾದರೂ ವಾಸನೆಯ ಮಾತೆತ್ತಲಿಲ್ಲ, ಮೂಗಿನ ಹತ್ತಿರ ಕೈ ಒಯ್ಯಲಿಲ್ಲ.

ಆಚೆ ಬಂದರೆ ಟ್ರೈನರ್ ಸಾರ್ ಕೆಂಡವಾಗಿದ್ದರು. ಹೆಸರು ಓದುವಾಗ ಇಲ್ಲದವರನ್ನು ಕಂಪನಿಯವರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಈಗ ಹೋದರೆ ಹೋದ ಹಾಗೇ ಅಂದರು. ಅದು ನಿಜವೋ ಸಿಟ್ಟಿಗೆ ಹೇಳಿದ್ದೋ ನನಗೆ ತಿಳಿಯಲಿಲ್ಲ. ಗೇಟಿನವರೆಗೂ ಬಂದು ಒಂದು ಗಳಿಗೆ ನಿಂತೆ. ಆ ಕೆಲಸ ನನಗೆ ಎಷ್ಟು ಬೇಕಿತ್ತೆಂದು ಅಲ್ಲಿ ನಿಂತಾಗ ಗೊತ್ತಾಯಿತು. ಬಸ್ ಸ್ಟ್ಯಾಂಡಿಗೆ ಆಟೋ ಹತ್ತಿದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಆ ಸಾರನ್ನೂ, ಕಂಪನಿಯನ್ನೂ, ಹುಳವನ್ನೂ, ನನ್ನನ್ನೂ ಒಟ್ಟಿಗೆ ಬೈದುಕೊಂಡೆ.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕೈಕಾಲು ತೊಳೆದು, ಹಳೇ ಬಟ್ಟೆ ಹಾಕಿಕೊಂಡು ಒಳಗೆ ಹೋದೆ. ಅಮ್ಮ ನನ್ನ ಮುಖ ನೋಡಿದಳು. ಇಷ್ಟು ಬೇಗ ಬಂದಳೆಂದರೆ ಆಗಲಿಲ್ಲ ಅಂತಲೇ ತಿಳಿದುಕೊಂಡಳು. ತನ್ನ ಮುಂದಿನ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಹಣ್ಣಾದ ಹುಳಗಳನ್ನು ಆರಿಸತೊಡಗಿದೆವು. ಅಮ್ಮನಿಗೆ ಮನಸ್ಸು ನೊಂದಾಗ ಬರುವುದು ಅವಳ ತವರಿನ ತೆಲುಗು.

“ಪೋನೀಲೇ, ಹೋಗ್ಲಿ ಬಿಡು. ಅವ್ರಿಗೆ ಕಣ್ಣಿಲ್ಲ ಅಂದ್ಕೋ.”

“ಇನ್ನೂ ಏನೂ ಹೇಳಿಲ್ಲಮ್ಮ. ಸಾಯಂಕಾಲ ಹೇಳ್ತಾರಂತೆ.”

ಅವಳ ಕೈ ನಿಂತಿತು. “ಮತ್ತೆ ನೀನ್ಯಾಕೆ ಬಂದೆ?”

“ಹುಳ ಕಾಯುತ್ತಾ?”

ಅವತ್ತು ಬೈಸಿಕೊಂಡಷ್ಟು ನಾನು ಇನ್ಯಾವತ್ತೂ ಬೈಸಿಕೊಂಡಿಲ್ಲ. ಹಠಮಾರಿ, ಮೂದೇವಿ, ಯಾರಿಗೋಸ್ಕರ ಇಲ್ಲಿ ಒಬ್ಬಳೇ ಸಾಯ್ತಾ ಇದ್ದೆ ಅಂದ್ಕೊಂಡೆ, ಬಂದ್ಬಿಟ್ಟಳು ಮಹರಾಯ್ತಿ! ಅವಳು ಬೈಯುತ್ತಲೇ ಆರಿಸುತ್ತಿದ್ದಳು, ನಾನು ಬೈಸಿಕೊಳ್ಳುತ್ತಲೇ ಆರಿಸುತ್ತಿದ್ದೆ. ಅಪ್ಪ ಚಂದ್ರಿಕೆಗಳನ್ನು ಹೊತ್ತು ಅಂಗಳದ ಚಪ್ಪರದ ಕೆಳಗೆ ಸಾಲಾಗಿ ನಿಲ್ಲಿಸುತ್ತಾ, ಇಬ್ಬರ ಗೋಜಿಗೂ ಬರಲಿಲ್ಲ.

ಹೊತ್ತು ಮುಳುಗುವಾಗ ಫೋನು ಬಡಿದುಕೊಂಡಿತು. ನನ್ನ ಎರಡು ಕೈಯಲ್ಲೂ ಹುಳ. ಅಮ್ಮ ಕೈ ಒರೆಸಿಕೊಂಡು, ಫೋನಿನ ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು. ಟ್ರೈನರ್ ಸಾರ್. ದನಿ ಬೆಣ್ಣೆಯ ಹಾಗಾಗಿತ್ತು.

“ಕಂಗ್ರಾಟ್ಸ್ ಅಮ್ಮಾ! ಸೆಲೆಕ್ಟ್ ಆಗಿದ್ದೀರ. ಲಿಸ್ಟಲ್ಲಿ ನಿಮ್ದೇ ಮೊದಲನೇ ಹೆಸರು. ನಾನು ಆವತ್ತೇ ಹೇಳ್ಲಿಲ್ವಾ? ನಾಳೆ ಬೆಳಿಗ್ಗೆ ಕಾಲೇಜಿಗೆ ಬಂದ್ಬಿಡಿ. ಫೋಟೋ ಇದೆ, ಬ್ಯಾನರಿಗೆ. ಸ್ವಲ್ಪ ನೀಟಾಗಿ, ಫ್ರೆಶ್ಶಾಗಿ ಬನ್ನಿ, ಆಯ್ತಾ?”

ಸಿಕ್ಕಿತು, ಸಿಕ್ಕಿಬಿಟ್ಟಿತು ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಬರ್ತೀನಿ ಸಾರ್ ಅನ್ನಬೇಕೋ, ಬರಲ್ಲ ಅನ್ನಬೇಕೋ ತಿಳಿಯದೆ ಕೈಯಲ್ಲಿ ಹುಳ ಹಿಡಿದುಕೊಂಡು ನಿಂತಿದ್ದೆ. ಅಷ್ಟರಲ್ಲಿ ಅಮ್ಮ ಫೋನನ್ನು ತನ್ನ ಬಾಯಿಯ ಹತ್ತಿರ ತಂದುಕೊಂಡಳು. ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಸಾರ್, ನಾನು ಅವಳ ತಾಯಿ ಮಾತಾಡ್ತಿರೋದು. ಅವಳು ನಾಳೆ ಬರಲ್ಲ. ಇನ್ನೂ ಅರ್ಧ ಮನೆ ಹುಳ ಇದೆ. ಫೋಟೋ ಬೇಕೇ ಬೇಕು ಅಂದ್ರೆ ನೀವೇ ಇಲ್ಲಿಗೆ ಬನ್ನಿ. ಆದ್ರೆ ಸೆಂಟು ಹಾಕ್ಕೊಂಡ್ ಬಂದ್ರೆ ಒಳಗೆ ಬಿಡಲ್ಲ.”